ಹೊರಗಿರುವ ವರ್ಷ

ಬಂಗಲೆಯ ಮುಂದಿನ ಕೋಣೆ,
ಸೋಮವಾರ, ಫೆಬ್ರವರಿ 9

ಪ್ರೀತಿಯ ಅಪ್ಪ,

ನಿಮ್ಮ ಕೆಮ್ಮು ಕಡಿಮೆಯಾಗಿದೆ, ಎಡಮೊಣಕಾಲಿನ ಊತ ಮಾತ್ರ ಇಳಿದಿಲ್ಲ. ಇದನ್ನು ತಿಳಿಸಿದವಳು ಅಕ್ಕ. ನಿಮ್ಮನ್ನೇ ಕೇಳಿದರೆ ಕೆಮ್ಮೂ ಇಲ್ಲ, ಊತವೂ ಇಲ್ಲ, ಮೊಣಕಾಲೇ ಇಲ್ಲ ಎನ್ನುವ ಹಾಗೆ ಮಾತು ತಿರುಗಿಸುತ್ತೀರಿ. ಹಾಗಾಗಿ ನಿಮ್ಮ ಆರೋಗ್ಯದ ವಿಷಯದಲ್ಲಿ ನಿಮ್ಮ ಮಾತು ನಂಬುವುದನ್ನು ನಾವಿಬ್ಬರೂ ಬಿಟ್ಟು ಬಹಳ ಕಾಲವಾಯಿತು. ಡಾಕ್ಟರು ಮೊಣಕಾಲಿಗೆ ಹಾಕಿಕೊಳ್ಳಲು ಕೊಟ್ಟ ಪಟ್ಟಿಯನ್ನು ದಿಂಬಿನ ಕೆಳಗೆ ಇಟ್ಟಿದ್ದೀರಂತೆ. ದಿಂಬಿಗೆ ಏನೂ ಆಗಿಲ್ಲ ಅಪ್ಪ, ದಯವಿಟ್ಟು ಕಾಲಿಗೆ ಹಾಕಿಕೊಳ್ಳಿ. ಬೆಳಿಗ್ಗೆ ಪೇಪರ್ ಓದುತ್ತಲೇ ಅಕ್ಕನ ಮನೆಯ ಮೆಟ್ಟಿಲು ಇಳಿಯುತ್ತೀರಿ ಎಂದೂ ವರದಿ ಬಂದಿದೆ. ಸುದ್ದಿ ಎಲ್ಲಿಗೂ ಓಡಿಹೋಗುವುದಿಲ್ಲ, ಕೆಳಗೆ ಇಳಿದು ಕೂತು ಓದಿ.

ಇಲ್ಲಿ ನಾವು ಮೂವರೂ ಕ್ಷೇಮ. ನಿಮ್ಮ ಸೊಸೆಗೆ ಶಾಲೆಯಲ್ಲಿ ಪರೀಕ್ಷೆಯ ಕೆಲಸ, ಊಟದ ಮೇಜಿನ ಅರ್ಧ ಭಾಗ ಉತ್ತರಪತ್ರಿಕೆಗಳದ್ದು, ಉಳಿದರ್ಧದಲ್ಲಿ ನಾವು ತಟ್ಟೆ ಇಟ್ಟುಕೊಳ್ಳುತ್ತೇವೆ. ನಿಮ್ಮ ಮೊಮ್ಮಗಳಿಗೆ ಮುಂದಿನ ಹಲ್ಲು ಬಿದ್ದಿದೆ. ಅದನ್ನು ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ಇಟ್ಟುಕೊಂಡಿದ್ದಾಳೆ, ತಾತನಿಗೆ ತೋರಿಸಬೇಕಂತೆ. ಜೂನ್‌ನಲ್ಲಿ ತಾತ ಬಂದಾಗ ತೋರಿಸೋಣ ಎಂದೆ. "ಅಷ್ಟೊತ್ತಿಗೆ ಹೊಸ ಹಲ್ಲು ಬಂದಿರುತ್ತೆ, ಬಿದ್ದಿತ್ತು ಅಂತ ತಾತ ಹೇಗೆ ನಂಬ್ತಾರೆ?" ಎಂದು ಕೇಳಿದಳು.

ಗುರುವಾರವಷ್ಟೇ ಫೋನಿನಲ್ಲಿ ಮಾತಾಡಿ ಇವತ್ತು ಕಾಗದ ಬರೆಯುವುದೇಕೆ ಎಂದು ನೀವು ಹುಬ್ಬು ಏರಿಸುತ್ತೀರಿ. ಫೋನಿನಲ್ಲಾದರೆ ನಾನು ಎರಡು ವಾಕ್ಯ ಹೇಳುವಷ್ಟರಲ್ಲಿ ನೀವು ನನ್ನನ್ನು ಸಮಾಧಾನ ಮಾಡಿಬಿಡುತ್ತೀರಿ, ನಾನು ಸಮಾಧಾನ ಆಗಿಬಿಡುತ್ತೇನೆ, ವಿಷಯ ಹಾಗೇ ಉಳಿಯುತ್ತದೆ. ಚಿಕ್ಕವರಿದ್ದಾಗ ಅಕ್ಕ ಮತ್ತು ನಾನು ಜಗಳ ತಂದರೆ ನೀವು ಪೇಪರಿನಿಂದ ತಲೆ ಎತ್ತದೆ ಹೇಳುತ್ತಿದ್ದಿರಿ: "ಏನಾಯ್ತು ಅನ್ನೋದು ಮೊದಲು. ಯಾರು ಹೇಳಿದ್ದು ಅನ್ನೋದು ಆಮೇಲೆ. ಅಳೋದು ಕೊನೆಗೆ ಇಟ್ಕೋ." ಹಾಗೇ ಬರೆಯುತ್ತೇನೆ.

ಸುದ್ದಿ ಇದು. ನಿನ್ನೆ ಆರಾಧನೆಯ ನಂತರ ಸೇರಿದ ಚರ್ಚಿನ ಸಭಾ ಸಮಿತಿ ಯಾವ ತೀರ್ಮಾನಕ್ಕೂ ಬಾರದೆ ಎದ್ದಿತು. ಬೆಳಗಿನ ಏಳು ಗಂಟೆಯ ಆರಾಧನೆಯನ್ನು ಒಂಬತ್ತೂವರೆಯದರೊಂದಿಗೆ ಸೇರಿಸಿ, ಅದರ ಬದಲು ಭಾನುವಾರ ಸಂಜೆ ಐದಕ್ಕೆ ಆಸ್ಪತ್ರೆಯ ನರ್ಸುಗಳಿಗಾಗಿ ಒಂದು ಆರಾಧನೆ ಶುರು ಮಾಡಬೇಕೆಂಬ ನನ್ನ ಪ್ರಸ್ತಾಪ ಅರ್ಧದಲ್ಲಿ ನಿಂತಿದೆ. ನಿಲ್ಲಿಸಿದವರು ಯಾರು ಎಂದು ಬರೆಯಬೇಕಲ್ಲ. ನೀವು. ಗಾಬರಿಯಾಗಬೇಡಿ, ಪೂರ್ತಿ ಓದಿ.

ಏಳು ಗಂಟೆಯದು ನೀವೇ ಕಟ್ಟಿದ ಆರಾಧನೆ ಎಂದು ನಾನು ಮರೆತಿಲ್ಲ. ಗಿರಣಿಯಲ್ಲಿ ಭಾನುವಾರವೂ ಪಾಳಿ ಇದ್ದ ಕಾಲದಲ್ಲಿ, ಕೆಲಸಗಾರರು ಚರ್ಚಿಗೆ ಬರಲಾಗದೆ ಗೇಟಿನ ಹೊರಗೆ ನಿಂತು ಹಾಡು ಕೇಳಿ ಹೋಗುತ್ತಿದ್ದುದನ್ನು ನೋಡಿ, ಸಮಿತಿಯೊಂದಿಗೆ ಕಾದಾಡಿ ಶುರು ಮಾಡಿದಿರಿ. ಅಮ್ಮ ಕತ್ತಲಲ್ಲೇ ಎದ್ದು ಅವರಿಗೆಲ್ಲ ಚಹಾ ಕಾಸುತ್ತಿದ್ದಳು. ಈಗ ಗಿರಣಿಯ ಅಂಗಳದಲ್ಲಿ ಲಾರಿಗಳು ನಿಲ್ಲುತ್ತವೆ. ಏಳಕ್ಕೆ ಬರುವವರು ಗೋಪುರದ ಗಂಟೆ ಹೊಡೆಯುವ ನಮ್ಮ ಗಂಟೆ ಮಾವ ಮತ್ತು ಅವರ ವಯಸ್ಸಿನ ಹತ್ತೋ ಹದಿನೈದೋ ಜನ. ಎಲ್ಲರಿಗೂ ಒಂಬತ್ತೂವರೆಗೆ ಬರಲು ಅಡ್ಡಿಯೇನಿಲ್ಲ, ಕೆಲವರು ಎರಡಕ್ಕೂ ಬರುತ್ತಾರೆ. ಆ ಕಡೆ ಆಸ್ಪತ್ರೆಯ ನರ್ಸುಗಳು ರಾತ್ರಿ ಪಾಳಿ ಮುಗಿಸಿ ಒಂಬತ್ತೂವರೆಗೆ ಬಂದು, ನಾನು ಪೀಠದಲ್ಲಿ ನಿಂತು ಪ್ರಸಂಗ ಹೇಳುವ ಹೊತ್ತಿಗೆ ಹಿಂದಿನ ಎರಡು ಬೆಂಚುಗಳಲ್ಲಿ ಸಾಲಾಗಿ ತೂಕಡಿಸುತ್ತಾರೆ. ನಾನು ಎರಡು ತಿಂಗಳು ಅದು ನನ್ನ ಪ್ರಸಂಗದ ದೋಷ ಎಂದುಕೊಂಡು ಉದಾಹರಣೆಗಳನ್ನು ಬದಲಾಯಿಸುತ್ತಿದ್ದೆ. ಕೊನೆಗೆ ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಅವರೇ ಬಂದು ಹೇಳಿದರು: "ಅಯ್ಯನವರೇ, ನೀವು ಚೆನ್ನಾಗೇ ಮಾತಾಡ್ತೀರಿ. ಅವರು ಹನ್ನೆರಡು ಗಂಟೆ ನಿಂತಿದ್ದು ಬಂದಿರ್ತಾರೆ, ಕೂತ ಕೂಡ್ಲೆ ಮುಗೀತು." ಸಂಜೆ ಐದಕ್ಕಾದರೆ ಅವರು ಮಲಗಿ ಎದ್ದು, ಮುಖ ತೊಳೆದು, ಪಾಳಿಗೆ ಮೊದಲು ಬಂದು ಹೋಗಬಹುದು. ನೀವು ಗಿರಣಿಯವರಿಗೆ ಮಾಡಿದ್ದನ್ನೇ ಇವರಿಗೆ ಮಾಡುತ್ತಿದ್ದೇನೆ ಎಂದು ನನಗನ್ನಿಸಿತು. ಈಗಲೂ ಅನ್ನಿಸುತ್ತದೆ. ಎರಡೂ ಇರಲಿ ಎಂದರೆ ಭಾನುವಾರಕ್ಕೆ ಮೂರು ಆರಾಧನೆ. ಹಾಡುವವರೂ ನುಡಿಸುವವರೂ ಅಷ್ಟಿಲ್ಲ.

ಆದರೆ ಮಾಡಿದ ರೀತಿಯಲ್ಲಿ ಎಡವಿದೆ. "ಬೋರ್ಡಿಗೆ ಅಂಟಿಸೋ ಮೊದಲು ಮನೆಮನೆಗೆ ಹೋಗಿ ಬೈಸ್ಕೊಂಡು ಬಾ. ಮನೇಲಿ ಬೈದು ಮುಗಿಸಿದವರು ಸಮಿತೀಲಿ ಸುಮ್ಮನಿರ್ತಾರೆ" ಎಂದು ನೀವು ಎಷ್ಟು ಸಲ ಹೇಳಿಲ್ಲ. ನಾನು ಕೆಲವು ಮನೆಗಳಿಗೆ ಹೋದೆ, ಒಳ್ಳೆಯ ಮಾತಾಡುವವರ ಮನೆಗಳಿಗೆ. ಗಂಟೆ ಮಾವನ ಮನೆಗೆ ಹೋಗಲು ಎರಡು ಸಲ ಚಪ್ಪಲಿ ಹಾಕಿ ಎರಡು ಸಲ ಬಿಚ್ಚಿದೆ. ಆಮೇಲೆ ಪ್ರಸ್ತಾಪವನ್ನು ಬೋರ್ಡಿಗೆ ಅಂಟಿಸಿದೆ. ನಿಮಗೆ ಫೋನುಗಳು ಬರತೊಡಗಿದ್ದು ಆ ವಾರ.

ಈಗ ನಿನ್ನೆಯ ಸಭೆ. ಚರ್ಚಿನ ಪಕ್ಕದ ಕೋಣೆ, ವೆಸ್ಟ್ರಿಯಲ್ಲಿ ಅದೇ ಉದ್ದನೆಯ ಮೇಜು, ನಿಮ್ಮ ಕಾಲದ ಅದೇ ಕುಂಟು ಕುರ್ಚಿ, ಅದರಲ್ಲಿ ಈಗ ನಾನು ಕೂರುತ್ತೇನೆ. ನಾನು ವಿಷಯ ಮಂಡಿಸಿ ಮುಗಿಸುವಷ್ಟರಲ್ಲಿ ಗಂಟೆ ಮಾವ ಎದ್ದರು. ಇಷ್ಟು ವರ್ಷ ಸಮಿತಿಯಲ್ಲಿದ್ದು ಎದ್ದು ನಿಂತು ಮಾತಾಡಿದವರಲ್ಲ. "ದೊಡ್ಡ ಅಯ್ಯನವರು ನನ್ ಜೊತೆ ಫೋನಲ್ಲೇ ಪ್ರಾರ್ಥನೆ ಮಾಡಿದಾರೆ. ಬೆಳಗಿನ ಗಂಟೆ ನಿಲ್ಲದೆ ಇರಲಿ ಅಂತ. ಮಂಗಳವಾರ ಸಂಜೆ. ಇನ್ನೇನು ಹೇಳಬೇಕು?" ಎಂದು ಕೂತರು. ಮೇಟ್ರನ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ, "ನನ್ ಜೊತೆನೂ ಮಾಡಿದಾರೆ. ನಮ್ಮ ಹುಡುಗೀರಿಗೆ ಒಂದು ಬಾಗಿಲು ತೆರೀಲಿ ಅಂತ. ಬುಧವಾರ" ಎಂದರು. ಆಮೇಲೆ ನಮ್ಮ ಖಜಾಂಚಿ, ಪೋಸ್ಟ್ ಮಾಸ್ಟರು, ನಿವೃತ್ತರಾದರೂ ಮಾತಿಗೆ ಮುದ್ರೆ ಒತ್ತುವ ಅಭ್ಯಾಸ ಹೋಗಿಲ್ಲವಲ್ಲ, ಮೇಜಿನ ಮೇಲೆ ಬೆರಳು ಕುಟ್ಟಿ ಹೇಳಿದರು: "ನಾನು ಹೇಳಬಾರದು ಅಂತಿದ್ದೆ. ಶುಕ್ರವಾರ ನನ್ ಜೊತೆ ಮಾಡಿದ್ರು. ಸಭೆಗೆ ಹೊಸ ಭಾರ ಬೀಳದೆ ಇರಲಿ ಅಂತ."

ಮೇಟ್ರನ್ನಿಗೆ ನಗು ತಡೆಯಲಾಗಲಿಲ್ಲ. "ಹಾಗಾದ್ರೆ ಕೊನೇದು ಲೆಕ್ಕಕ್ಕೆ ಬರುತ್ತಾ, ಮೊದಲನೇದಾ?" ಎಂದರು. ಗಂಟೆ ಮಾವ ನಗಲಿಲ್ಲ. "ನಿಮಗೆ ತಮಾಷೆ" ಎಂದು ಗೋಡೆ ಕಡೆ ತಿರುಗಿದರು.

ನೀವು ಏನು ಮಾಡಿದಿರಿ ಎಂದು ನನಗೆ ಚೆನ್ನಾಗಿ ಗೊತ್ತು ಅಪ್ಪ. ಯಾವ ಅಭಿಪ್ರಾಯವನ್ನೂ ಹೇಳಿಲ್ಲ. ನಿವೃತ್ತರಾದ ಮೇಲೆ ಸಭೆಯ ವಿಷಯದಲ್ಲಿ ಒಂದು ವರ್ಷ ಬಾಯಿ ತೆರೆಯುವುದಿಲ್ಲ ಎಂಬ ನಿಮ್ಮ ಮಾತನ್ನು ಅಕ್ಷರಶಃ ಉಳಿಸಿಕೊಂಡಿದ್ದೀರಿ. ಕಷ್ಟ ಎಂದು ಫೋನ್ ಮಾಡಿದವರ ಕಷ್ಟ ಕೇಳಿದಿರಿ, ಅವರು ಯಾವ ಮಾತಿನಲ್ಲಿ ಹೇಳಿದರೋ ಅದೇ ಮಾತಿನಲ್ಲಿ ದೇವರ ಮುಂದೆ ಇಟ್ಟಿರಿ. ನಲವತ್ತು ವರ್ಷದ ಅಭ್ಯಾಸ. ಮೂವರಿಗೂ ನೀವು ಮೋಸ ಮಾಡಲಿಲ್ಲ. ಮೂವರೂ ನಿಮ್ಮ ಪ್ರಾರ್ಥನೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಸಮಿತಿಗೆ ಬಂದರು, ಅಷ್ಟೇ. ನನಗೂ ನಗು ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಗಂಟೆ ಮಾವ ಎದ್ದು ನಿಂತ ಕ್ಷಣದಲ್ಲಿ ನನ್ನ ಬಾಯಿಗೂ ಬಂದದ್ದು ಇದೇ: ಗುರುವಾರ ಅಪ್ಪ ನನ್ನ ಜೊತೆನೂ ಮಾಡಿದಾರೆ. ನಾನು ಹೇಳಲಿಲ್ಲ. ಆದರೆ ಜೇಬಿನಲ್ಲಿ ಇತ್ತು.

ಕಷ್ಟದ ಭಾಗ ಆಮೇಲೆ ಬಂತು. ಪೋಸ್ಟ್ ಮಾಸ್ಟರು ತಮ್ಮ ಫೋನನ್ನು ತೆಗೆದು, ನಿಮ್ಮ ಹೆಸರು ಕಾಣುವ ಹಾಗೆ ಮೇಜಿನ ನಡುವೆ ಇಟ್ಟರು. "ಸ್ಪೀಕರ್ ಹಾಕಿ ಕೇಳಿಬಿಡೋಣ. ಎರಡು ನಿಮಿಷದ ಕೆಲಸ." ಎಲ್ಲರೂ ನನ್ನ ಮುಖ ನೋಡಿದರು. ಆ ಸಣ್ಣ ಪರದೆಯ ಮೇಲೆ ನಿಮ್ಮ ಹೆಸರು ಮಿನುಗುತ್ತಿತ್ತು. ಆ ಕೋಣೆಯಲ್ಲಿ ಅದನ್ನು ಒತ್ತಬೇಕೆಂದು ನನಗಿಂತ ಹೆಚ್ಚು ಆಸೆ ಯಾರಿಗೂ ಇರಲಿಲ್ಲ. ಬೇಡ ಎಂದೆ. ಧ್ವನಿ ಸ್ವಲ್ಪ ಜೋರಾಯಿತೆಂದು ಕಾಣುತ್ತದೆ, ಮೇಟ್ರನ್ ನನ್ನ ಕಡೆಗೆ ನೀರಿನ ಲೋಟ ಸರಿಸಿದರು. ಆಗ ಪೋಸ್ಟ್ ಮಾಸ್ಟರು ಮೆತ್ತಗೆ, ನಿಜವಾಗಿಯೂ ಒಳ್ಳೆಯ ಮನಸ್ಸಿನಿಂದಲೇ, ಹೇಳಿದರು: "ನೋಡಿ, ಒಂದು ವರ್ಷ ಊರು ಬಿಟ್ಟಿರೋ ಆ ನಿಯಮ ಮಾಡಿದ್ದು ಹೊರಗಿನವರು ಪಾಲಕರಾಗಿ ಬಂದರೆ ಅಂತ. ಈಗ ಬಂದಿರೋರು ಅವರ ಮಗನೇ. ನಿಯಮ ತೆಗೆದುಹಾಕೋಣ, ದೊಡ್ಡ ಅಯ್ಯನವರನ್ನ ಸಲಹೆಗಾರರು ಅಂತ ವಾಪಸ್ ಕರೆಸೋಣ. ವಯಸ್ಸಾದವರು ಬಂಗಲೇಲಿ ಮೊಮ್ಮಗಳ ಜೊತೆ ಇರಲಿ. ನಿಮಗೂ ಕಷ್ಟ ತಪ್ಪುತ್ತೆ." ಗಂಟೆ ಮಾವ ಕೂಡಲೇ ಕೈ ಎತ್ತಿದರು. ಇನ್ನೂ ಇಬ್ಬರು ಎತ್ತಿದರು. ಇವತ್ತೇ ಮತ ಹಾಕುವುದು ಬೇಡ, ಮುಂದಿನ ಸಭೆಯಲ್ಲಿ ಎರಡೂ ವಿಷಯ ಒಟ್ಟಿಗೆ ತೆಗೆದುಕೊಳ್ಳೋಣ ಎಂದು ಹೇಳಿ ಪ್ರಾರ್ಥಿಸಿ ಮುಗಿಸಿದೆ.

ಹಾಗಾಗಿ ಪರಿಸ್ಥಿತಿ ಇಷ್ಟು. ಮುಂದಿನ ಸಭೆಯಲ್ಲಿ ನಾನು ಸುಮ್ಮನೆ ಕೂತರೂ ಸಾಕು, ತಿಂಗಳು ಮುಗಿಯುವ ಮೊದಲು ನೀವು ಇಲ್ಲಿರುತ್ತೀರಿ. ಈ ಕೋಣೆಯಲ್ಲಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ, ಪೇಪರಿನ ಒಳಪುಟ ನನಗೆ ಕೊಡದೆ.

ಅದನ್ನು ಎಷ್ಟು ಬಯಸುತ್ತೇನೆ ಎಂದು ಬರೆಯದಿದ್ದರೆ ಈ ಕಾಗದ ಸುಳ್ಳಾಗುತ್ತದೆ. ವೆಸ್ಟ್ರಿಯ ಬಾಗಿಲ ಹಿಂದಿನ ಎರಡು ಮೊಳೆಗಳಲ್ಲಿ ಎತ್ತರದ್ದು ನಿಮ್ಮ ನಿಲುವಂಗಿಯದು; ನಾನು ಇವತ್ತಿಗೂ ನನ್ನದನ್ನು ಕೆಳಗಿನದಕ್ಕೇ ನೇತುಹಾಕುತ್ತೇನೆ, ಅದು ನೆಲಕ್ಕೆ ತಾಗಿ ಅಂಚು ಕೊಳೆಯಾಗುತ್ತದೆ, ನಿಮ್ಮ ಸೊಸೆ ಪ್ರತಿ ವಾರ ಗೊಣಗುತ್ತಾಳೆ. ಆರಾಧನೆ ಮುಗಿದು ಎಲ್ಲರೂ ಹೋದ ಮೇಲೆ ನೀವು ಬೆಂಚುಗಳ ನಡುವೆ ನಡೆಯುತ್ತಾ ಗೀತೆಯ ಪುಸ್ತಕಗಳನ್ನು ಒಂದೇ ಮುಖವಾಗಿ ಜೋಡಿಸುತ್ತಿದ್ದಿರಿ. ಅದು ಮುಗಿಯುವವರೆಗೆ ಅಮ್ಮ ಊಟಕ್ಕೆ ಕರೆಯುತ್ತಿರಲಿಲ್ಲ. ಆ ಶಬ್ದ, ಪುಸ್ತಕದ ಮೇಲೆ ಪುಸ್ತಕ ಬೀಳುವ ಮೆತ್ತನೆಯ ಶಬ್ದ, ಈಗ ನಾನೇ ಮಾಡುತ್ತೇನೆ, ಆದರೆ ಮಾಡುವವರಿಗೆ ಅದು ಕೇಳಿಸುವುದಿಲ್ಲ ಎಂದು ಗೊತ್ತಾಗಿದೆ. ಎಲ್ಲಕ್ಕಿಂತ, ಚಹಾ ಕುಡಿಯುವಾಗ ನೀವು ಕೊಡುತ್ತಿದ್ದ ಆ ಒಂದು ಸಾಲಿನ ತೀರ್ಪು. ನನ್ನ ಮೊದಲ ಪ್ರಸಂಗದ ದಿನ ನೆನಪಿದೆಯೇ? ಎಲ್ಲರೂ ಕೈ ಕುಲುಕಿ ಹೊಗಳಿ ಹೋದ ಮೇಲೆ ನೀವು ಬಸಿ ಕೆಳಗಿಟ್ಟು, "ಮುಗಿಸೋಕೆ ಎರಡು ಒಳ್ಳೆ ಜಾಗ ಸಿಕ್ಕಿತ್ತು, ಎರಡರಲ್ಲೂ ನಿಲ್ಲಿಸದೆ ದಾಟಿ ಹೋದೆ" ಎಂದಿರಿ. ಈಗ ನಿಮ್ಮ ಸೊಸೆ ಅದೇ ಮಾತನ್ನು ಹೇಳುತ್ತಾಳೆ. ಅವಳು ಹೇಳಿದರೆ ಜಗಳವಾಗುತ್ತದೆ.

ನವೆಂಬರ್‌ನ ವಿಷಯವೂ ನನಗೆ ಗೊತ್ತು. ಅಮ್ಮ ಹೋದ ದಿನ ಬಂದಾಗ, ಒಂದು ದಿನದ ಮಟ್ಟಿಗೆ ಬಂದು ಸಮಾಧಿ ನೋಡಿ ಹೋಗಿ, ಯಾರೂ ಏನೂ ಅನ್ನುವುದಿಲ್ಲ ಎಂದು ನಾನೇ ಕೇಳಿಕೊಂಡಿದ್ದೆ. ಬೇಡ ಎಂದಿರಿ. ಆದರೆ ಆ ದಿನ ಬಸ್ಸು ಹತ್ತಿ, ನಮ್ಮ ನಿಲ್ದಾಣಕ್ಕಿಂತ ಒಂದು ಹಿಂದೆ, ಸೇತುವೆಯ ಬಳಿ ಇಳಿದಿರಿ. ಅಲ್ಲಿಂದ ಚರ್ಚಿನ ಗೋಪುರ ಕಾಣುತ್ತದೆ. ಸ್ವಲ್ಪ ಹೊತ್ತು ನಿಂತು ಎದುರಿನ ಬಸ್ಸು ಹತ್ತಿದಿರಿ. ಇದನ್ನು ತಿಳಿಸಿದವರು ನಮ್ಮ ಗಾಯನದ ಗುಂಪಿನಲ್ಲಿ ಹಾಡುವ ಕಂಡಕ್ಟರು. ನನ್ನ ಹೊರತು ಯಾರಿಗೂ ಹೇಳಿಲ್ಲ, ನಾನು ಅಕ್ಕನಿಗೂ ಹೇಳಿಲ್ಲ. ಅಮ್ಮನ ಹತ್ತಿರದ ಗುಲಾಬಿ ಗಿಡದ ಬಗ್ಗೆ ಕೇಳಿದ್ದಿರಿ: ಬದುಕಿದೆ, ಕತ್ತರಿಸಿದ ಮೇಲೆ ಎರಡು ಹೊಸ ಕವಲು ಬಂದಿವೆ, ಹೂವಿಲ್ಲ.

ಆ ನಿಯಮ ಎಲ್ಲಿಂದ ಬಂತು ಎಂದು ನಿನ್ನೆ ಇಡೀ ದಿನ ನೆನಪಿಸಿಕೊಳ್ಳುತ್ತಿದ್ದೆ. ನೀವು ಇಲ್ಲಿಗೆ ಬಂದ ಹೊಸತರಲ್ಲಿ ನಿಮಗಿಂತ ಹಿಂದಿನ ಸಭಾಪಾಲಕರು ನಿವೃತ್ತರಾಗಿ ಎದುರು ರಸ್ತೆಯಲ್ಲೇ ಮನೆ ಮಾಡಿದ್ದರು, ಜಗಲಿ ಅಯ್ಯನವರು ಎಂದು ಅಮ್ಮ ಗುಟ್ಟಾಗಿ ಹೆಸರಿಟ್ಟಿದ್ದಳು. ಅವರು ಕೆಟ್ಟವರಲ್ಲ. ಏನೂ ಹೇಳುತ್ತಿರಲಿಲ್ಲ. ಜಗಲಿಯ ಮೇಲೆ ಕೂತಿರುತ್ತಿದ್ದರು, ಅಷ್ಟೇ. ನೀವು ಆಶೀರ್ವಾದ ಹೇಳಿ ಮುಗಿಸಿದ ಮೇಲೆ ಅರ್ಧ ಸಭೆ ರಸ್ತೆ ದಾಟಿ ಅವರ ಹತ್ತಿರ ಇನ್ನೊಂದು ಆಶೀರ್ವಾದ ತೆಗೆದುಕೊಂಡು ಮನೆಗೆ ಹೋಗುತ್ತಿತ್ತು. ನೀವು ಹೇಳಿದ್ದಕ್ಕೆ ಜನ ತಲೆಯಾಡಿಸಿ, ಆಮೇಲೆ ಜಗಲಿಯ ಕಡೆ ನೋಡುತ್ತಿದ್ದರು. ಅಲ್ಲಿ ಹುಬ್ಬು ಸ್ವಲ್ಪ ಮೇಲೆ ಹೋದರೆ ನಿಮ್ಮ ಮಾತು ಬಿತ್ತು. ಅವರು ತೀರಿಕೊಂಡ ದಿನ ನೀವು ಮನಸಾರೆ ಅತ್ತಿರಿ ಎಂದು ಅಮ್ಮ ಹೇಳುತ್ತಿದ್ದಳು, ಮಾರನೆಯ ವಾರ ನಿಯಮ ಬರೆಸಿದಿರಿ ಎಂದೂ ಹೇಳುತ್ತಿದ್ದಳು. ಪಾಲಕ ಕೆಲಸ ಬಿಟ್ಟ ಮೇಲೆ ಒಂದು ವರ್ಷ ಊರಲ್ಲಿರಬಾರದು. ಮದುವೆಗೂ ಇಲ್ಲ, ಮಣ್ಣಿಗೂ ಇಲ್ಲ. ಕಳೆದ ವರ್ಷ ಸಮಿತಿ ನಿಮಗಾಗಿ ಅದನ್ನು ಸಡಿಲಿಸುತ್ತೇವೆ ಎಂದಾಗ ನೀವು ಸೂಟ್‌ಕೇಸ್ ಇಳಿಸಲಿಲ್ಲ. "ಮಗ ಅಂತಾನೇ ಹೋಗಬೇಕು. ಬೇರೆಯವರಾಗಿದ್ರೆ ನಾನು ಇಲ್ಲೇ ಇದ್ರೂ ನನ್ನನ್ನ ಗದರಿ ಕಳಿಸ್ತಿದ್ರು, ಇವನು ಕುರ್ಚಿ ಹಾಕ್ತಾನೆ" ಎಂದಿರಿ. ಆಗ ನನಗೆ ಸ್ವಲ್ಪ ಬೇಜಾರಾಯಿತು. ಈಗ ನೆನಪಿಸಿಕೊಂಡರೆ ನಿನ್ನೆಯ ಸುದ್ದಿಯನ್ನೇ ಮುಂಚೆ ಹೇಳಿದ ಹಾಗಿದೆ.

ನಿನ್ನೆ ಮಧ್ಯಾಹ್ನ ಊಟ ಸೇರಲಿಲ್ಲ, ಎದ್ದು ಸಮಾಧಿಗಳ ತೋಟಕ್ಕೆ ಹೋದೆ. ಗಂಟೆ ಮಾವ ಅಲ್ಲಿದ್ದರು. ಅವರ ಹೆಂಡತಿಯ ಸುತ್ತ ಗುಡಿಸಿ, ಅಮ್ಮನ ಸುತ್ತಲೂ ಗುಡಿಸುತ್ತಿದ್ದರು. ನಾನು ಬಂದದ್ದು ಗೊತ್ತಾದರೂ ಪೊರಕೆ ನಿಲ್ಲಿಸಲಿಲ್ಲ.

"ಕೋಪಾನಾ ಅಯ್ಯನವರೇ?" ಎಂದರು. ಇಲ್ಲ ಮಾವ ಎಂದೆ. "ಇರಬೇಕಿತ್ತು. ನಿಮ್ಮಪ್ಪ ಆಗಿದ್ರೆ ಇಷ್ಟೊತ್ತಿಗೆ ನನ್ನ ಜನ್ಮ ಜಾಲಾಡಿಬಿಡ್ತಿದ್ರು." ಆಮೇಲೆ ಪೊರಕೆಯನ್ನು ಗೋಡೆಗೆ ಒರಗಿಸಿ ನನ್ನ ಕಡೆ ತಿರುಗಿದರು. "ಏಳು ಗಂಟೇದು ಗಿರಣಿಗೋಸ್ಕರ ಇದ್ದಿದ್ದು, ಗಿರಣಿ ಇಲ್ಲ, ನನಗೂ ಗೊತ್ತು. ನಾನೇನು ಪೆದ್ದನಾ? ಆದ್ರೆ ನನ್ನ ಗಂಟೆ ವಿಷಯ ನನಗೆ ಬೋರ್ಡು ಹೇಳಬೇಕಾ? ನೀವು ಬಂದು ಹೇಳಬಾರದಿತ್ತಾ?" ನಾನು ತಪ್ಪಾಯಿತು ಎಂದೆ. ಅದಕ್ಕೆ ಅವರು ಕೈಬೀಸಿದರು, ಆ ಮಾತು ಮುಗಿಯಿತು ಎನ್ನುವ ಹಾಗೆ.

ಹೋಗಲು ಹೊರಟಾಗ ಕೇಳಿದೆ, ಅಪ್ಪನಿಗೆ ಯಾಕೆ ಫೋನ್ ಮಾಡಿದಿರಿ ಮಾವ, ನಿಯಮ ನಿಮಗೂ ಗೊತ್ತಲ್ಲ. ಅವರು ಗೋಪುರದ ಕಡೆ ಕೈ ತೋರಿಸಿದರು. "ಅಲ್ಲಿಂದ ಎಲ್ಲ ಕಾಣುತ್ತೆ. ನೀವು ಆ ಮರದ ಕೆಳಗೆ ಕಿವಿಗೆ ಫೋನ್ ಹಿಡ್ಕೊಂಡು ಗಾಣದೆತ್ತಿನ ಹಾಗೆ ಸುತ್ತು ಹೊಡೆಯೋದೂ ಕಾಣುತ್ತೆ. ಯಾರ ಜೊತೆ ಅಂತ ಅಷ್ಟು ಎತ್ತರದಿಂದಲೂ ಗೊತ್ತಾಗುತ್ತೆ. ನಿಮಗೆ ಅವರು ಬೇಕು ಅನ್ಸುತ್ತೆ. ನಮಗೆ ಅನ್ನಿಸಬಾರದಾ?"

ನಾನು ಪೊರಕೆ ಎತ್ತಿಕೊಂಡು ಅಮ್ಮನ ಕಲ್ಲಿನ ಬಳಿ ಉಳಿದ ಎಲೆಗಳನ್ನು ಗುಡಿಸಿದೆ. ಅಪ್ಪ, ಅವರು ಫೋನ್ ಮಾಡಿದ್ದು ಏಳು ಗಂಟೆಯ ಆರಾಧನೆಗಾಗಿ ಅಲ್ಲ. ನಿಮ್ಮ ಧ್ವನಿ ಕೇಳಲು ಒಂದು ಕಾರಣ ಬೇಕಿತ್ತು, ನಾನು ಬೋರ್ಡಿಗೆ ಅಂಟಿಸಿ ಒದಗಿಸಿಕೊಟ್ಟೆ. ಮೇಟ್ರನ್ ಕೂಡ ಹಾಗೇ ಇರಬಹುದು, ಪೋಸ್ಟ್ ಮಾಸ್ಟರೂ. ನಾವೆಲ್ಲ ಒಂದೇ ಊರಿನಲ್ಲಿ, ಒಂದೇ ಗೋಡೆಯೊಳಗೆ, ಒಬ್ಬೊಬ್ಬರೇ ನಿಮ್ಮನ್ನು ನೆನೆಯುತ್ತಾ, ಪರಸ್ಪರ ಹೇಳಿಕೊಳ್ಳದೆ, ನಿಮಗೆ ಫೋನ್ ಮಾಡುತ್ತಿದ್ದೆವು. ನೀವು ನಲವತ್ತು ವರ್ಷ ನಿಂತ ಜಾಗ ಖಾಲಿ ಇದೆ ಎಂದು ನಾನು ಒಂದು ಸಲವೂ ಅವರ ಮುಂದೆ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದರೆ ನನ್ನ ತೂಕ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ. ನಿನ್ನೆ ಗಂಟೆ ಮಾವನಿಗೆ ಹೇಳಿದೆ. "ಅದನ್ನೇ ಸಮಿತೀಲಿ ಹೇಳಿ" ಎಂದರು.

ಸಂಜೆ ಐದಕ್ಕೆ ಗಂಟೆ ಹೊಡೆಯುತ್ತೀರಾ ಮಾವ, ನರ್ಸುಗಳಿಗೆ, ಎಂದು ಕೇಳಿದೆ. "ಕೇಳಿದ್ದೀರಲ್ಲ, ಯೋಚನೆ ಮಾಡ್ತೀನಿ" ಎಂದರು. ಗೇಟಿನ ಬಳಿ ನಿಂತು ತಿರುಗಿ, "ಪ್ರಾರ್ಥನೆ ಮಾಡ್ತೀನಿ ಅಂತ ಹೇಳಲ್ಲ. ಅದರಿಂದ ಗಲಾಟೆ ಆಗುತ್ತೆ" ಎಂದರು. ನಾನು ನಕ್ಕೆ, ಆಮೇಲೆ ಅವರೂ ನಕ್ಕರು.

ಈ ವಾರ ನಾನು ಏಳು ಗಂಟೆಗೆ ಬರುವವರೆಲ್ಲರ ಮನೆಗೂ ಹೋಗುತ್ತಿದ್ದೇನೆ, ಬೈಗುಳಕ್ಕೆ ಹೆದರದೆ, ಕೆಟ್ಟ ಮಾತಾಡುವವರ ಮನೆಯಿಂದಲೇ ಶುರು. ಸಮಿತಿಯಲ್ಲಿ ಸಂಜೆಯ ಆರಾಧನೆಯನ್ನು ಮತ್ತೆ ಮಂಡಿಸುತ್ತೇನೆ. ಅದು ಬಿದ್ದರೆ ಬೀಳಲಿ, ಮುಂದಿನ ವರ್ಷ ಮತ್ತೆ ತರಬಹುದು. ಎರಡನೆಯ ವಿಷಯಕ್ಕೆ, ನಿಮ್ಮನ್ನು ವಾಪಸ್ಸು ಕರೆಸುವ ವಿಷಯಕ್ಕೆ, ವಿರುದ್ಧವಾಗಿ ಮಾತಾಡುವವನು ನಾನೊಬ್ಬನೇ ಇರಬಹುದು. ಮಾತಾಡುತ್ತೇನೆ. ನಿಮ್ಮನ್ನು ಎಷ್ಟು ನೆನೆಯುತ್ತೇನೆ ಎಂದೂ ಅದೇ ಉಸಿರಿನಲ್ಲಿ ಹೇಳುತ್ತೇನೆ. ಮಗ ಅಪ್ಪನನ್ನು ಊರಿಗೆ ಸೇರಿಸಲಿಲ್ಲ ಎಂದು ಯಾರಾದರೂ ಆಡಿಕೊಂಡರೆ ಅದು ನಿಮ್ಮ ಕಿವಿಗೆ ಬೀಳುವ ಮೊದಲು ಈ ಕಾಗದ ತಲುಪಿರಲಿ.

ಅಕ್ಕನಿಗೂ ಭಾವನಿಗೂ ನಮ್ಮ ನೆನಪುಗಳನ್ನು ತಿಳಿಸಿ. ನಿಮ್ಮ ಸೊಸೆ ನಮಸ್ಕಾರ ಹೇಳುತ್ತಿದ್ದಾಳೆ, ಮೊಣಕಾಲಿನ ಪಟ್ಟಿಯ ವಿಷಯ ಅವಳೂ ಕೇಳಿದಳು ಎಂದು ಸೇರಿಸಲು ಹೇಳಿದ್ದಾಳೆ. ಇಡೀ ಸಭೆಗೆ ವಾರಕ್ಕೊಮ್ಮೆ ಕೈ ಎತ್ತಿ ಆಶೀರ್ವಾದ ಹೇಳುತ್ತೇನೆ ಅಪ್ಪ, ಆಮೇಲೆ ಕೈ ಇಳಿಸಿ, ನನಗೆ ಹೇಳುವವರು ಯಾರೂ ಇಲ್ಲ ಎಂದು ನೆನಪಾಗುತ್ತದೆ. ಈ ಕಾಗದ ಓದಿ ಮಡಚುವಾಗ ಅಲ್ಲಿಂದಲೇ ಒಂದು ಸಲ ತಲೆ ಮೇಲೆ ಕೈಯಿಡಿ.

ನಿಮ್ಮ ಬಾಲಂಗೋಚಿ

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಮೇ ಕೊನೆಯವರೆಗೆ ಸಭೆಯವರು ಯಾರು ಫೋನ್ ಮಾಡಿದರೂ ಎತ್ತಬೇಡಿ. ಅವರ ಹೆಸರು ಹೇಳಿ ಪ್ರಾರ್ಥನೆ ಮಾಡಿ, ಆದರೆ ಅವರಿಗೆ ಕೇಳಿಸುವ ಹಾಗೆ ಬೇಡ. ಎತ್ತಬಾರದವರಲ್ಲಿ ಮೊದಲನೆಯವನು ನಾನು. ಮರೆತು ಮಾಡಿದರೂ, ಬೇಕೆಂದೇ ಮಾಡಿದರೂ, ಸಮಿತಿಯ ದಿನ ಸೋತು ಬಂದು ಆ ಮರದ ಕೆಳಗೆ ನಿಂತು ಮಾಡಿದರೂ, ಅದು ಬಡಿದುಕೊಳ್ಳಲಿ, ಎತ್ತಬೇಡಿ. ಕಾಗದ ಬರೆಯಿರಿ, ಮೊಣಕಾಲು, ಮಳೆ, ಪೇಪರಿನಲ್ಲಿ ಬಂದದ್ದು, ಅಷ್ಟೇ. ಪುಟ್ಟಿ ಅವಳ ಅಮ್ಮನ ಫೋನಿನಿಂದ ಮಾಡುತ್ತಾಳೆ, ಅದನ್ನು ಎತ್ತಿ, ನಾನು ಆ ಫೋನು ಮುಟ್ಟುವುದಿಲ್ಲ. ವರ್ಷ ಮುಗಿದು, ಜೂನ್ ಒಂದರ ಬೆಳಿಗ್ಗೆ ನಾನೇ ಬಂದು ಕರೆದುಕೊಂಡು ಬರುತ್ತೇನೆ. ಸಮಿತಿಯ ಮುಂದಿನ ಸಭೆ ಫೆಬ್ರವರಿ 17, ಮಂಗಳವಾರ, ಸಂಜೆ ಆರು ಗಂಟೆಗೆ, ವೆಸ್ಟ್ರಿಯಲ್ಲಿ.